ಕುಕ್ಕರಿನ ರಬ್ಬರು ಮತ್ತು ಕೇಳುಗರ ಸಮಾನ ಹಂಚಿಕೆ

ಈ ಊರಿನ ಸಾರ್ವಜನಿಕ ಬಾನುಲಿ ಕೇಂದ್ರವು ದಿನವೊಂದಕ್ಕೆ ಹದಿನೇಳು ಬಗೆಯ ಕಾರ್ಯಕ್ರಮಗಳನ್ನು ಪ್ರಸಾರ ಮಾಡುತ್ತದೆ. ಅವುಗಳಲ್ಲಿ ಹದಿನಾರನ್ನು ಯಾರೂ ಕೇಳುವುದಿಲ್ಲ. ಇದು ಆಗದವರು ಹಬ್ಬಿಸಿದ ಸುದ್ದಿಯಲ್ಲ. ಕೇಂದ್ರದ ವಾರ್ಷಿಕ ವರದಿಯಲ್ಲಿ, ನಿರ್ದೇಶಕರ ಭಾವಚಿತ್ರದ ಕೆಳಗೆ, ‘ಸಾಧನೆಗಳು’ ಎಂಬ ತಲೆಬರಹದಡಿ ಅಚ್ಚಾಗಿರುವ ಸಂಗತಿ. “ಹದಿನಾರು ಕಾರ್ಯಕ್ರಮಗಳ ಬಗ್ಗೆ ಈ ವರ್ಷವೂ ಒಂದೇ ಒಂದು ದೂರೂ ಬಂದಿರುವುದಿಲ್ಲ” ಎಂದು ಅಲ್ಲಿ ಬರೆದಿದೆ.

ಹದಿನಾರರಲ್ಲಿ ಬೆಳೆ ರೋಗ ಇದೆ, ಕಾನೂನು ಸಲಹೆ ಇದೆ, ವಿಜ್ಞಾನ ಇದೆ. ಚದುರಂಗದ ನೇರ ವಿವರಣೆ ಇದೆ. ಆಟಗಾರರ ಏಕಾಗ್ರತೆ ಕೆಡಬಾರದೆಂದು ವಿವರಣೆಗಾರರು ಅದರಲ್ಲಿ ಬಹುಪಾಲು ಹೊತ್ತು ಸುಮ್ಮನಿರುತ್ತಾರೆ. ಸಹಕಾರ ಕ್ಷೇತ್ರದ ಸವಾಲುಗಳು ಇದೆ. ಸವಾಲುಗಳು ಬದಲಾಗಿಲ್ಲದ ಕಾರಣ ಹಳೆಯ ಧ್ವನಿಮುದ್ರಣವೇ ಸಾಕಾಗುತ್ತದೆ. ಒಂದೊಂದಕ್ಕೂ ಒಬ್ಬ ನಿರ್ಮಾಪಕರು, ಒಬ್ಬ ಸಹಾಯಕ ನಿರ್ಮಾಪಕರು, ಒಂದು ಮೇಜು, ಒಂದು ಫ್ಯಾನು ಮತ್ತು ವಿಶೇಷ ಭತ್ಯೆ ಉಂಟು. ಹದಿನೇಳನೆಯದಾದ ‘ಮಧ್ಯಾಹ್ನದ ಮಾತು’ ಕಾರ್ಯಕ್ರಮಕ್ಕೆ ಮಾತ್ರ ಇದ್ಯಾವುದೂ ಇಲ್ಲ. ಊಟವಾದ ಮೇಲಿನ ಆ ಅರ್ಧ ಗಂಟೆ ಯಾವ ನಿರ್ಮಾಪಕರಿಂದಲೂ ಕಣ್ಣು ಬಿಟ್ಟುಕೊಂಡಿರಲು ಆಗದ ಹೊತ್ತು. ಆದ್ದರಿಂದ ಅದನ್ನು ಹಂಗಾಮಿ ನೌಕರಳಾದ ಉದ್ಘೋಷಕಿಯ ತಲೆಗೆ ಕಟ್ಟಿದ್ದರು. ಕೇಳುಗರು ಫೋನ್ ಮಾಡುತ್ತಾರೆ, ಅವಳು ಮಾತಾಡುತ್ತಾಳೆ. ಊರಿಗೆ ಊರೇ ಕೇಳುವುದು ಅದೊಂದನ್ನೇ.

ಅದಕ್ಕೆ ಕಾರಣ ಒಬ್ಬ ಅಜ್ಜಿ. ದಿನಾ ಮೊದಲ ಫೋನು ಅವರದು. ಹೆಸರು ಕೇಳಿದರೆ, ಹೆಸರು ಕಟ್ಟಿಕೊಂಡು ಏನು ಮಾಡುತ್ತೀರಿ ತಾಯೀ ಎಂದು ಗದರಿಸಿ, “ನಮ್ಮನೇಲಿ ಒಬ್ಬಳು ಸೊಸೆ ಇದಾಳೆ” ಎಂದು ಶುರುಮಾಡುತ್ತಿದ್ದರು. ಸೊಸೆ ಒದ್ದೆ ಟವೆಲನ್ನು ಹಾಸಿಗೆ ಮೇಲೆ ಎಸೆಯುತ್ತಾಳೆ. ಕೆಮ್ಮು ಇಟ್ಟುಕೊಂಡು ತಣ್ಣೀರು ಕುಡಿಯುತ್ತಾಳೆ. ಎಲ್ಲಕ್ಕಿಂತ ಮಿಗಿಲಾಗಿ, ಒಂದು ಕಾಲದಲ್ಲಿ ಅವಳು ಕುಕ್ಕರಿನ ರಬ್ಬರನ್ನು, ಹೇಳದೆ ಕೇಳದೆ, ಕಸದ ಬುಟ್ಟಿಗೆ ಹಾಕಿದ್ದಾಳೆ. ಉದ್ಘೋಷಕಿ ಜೇನಿನಂಥ ದನಿಯಲ್ಲಿ ಸಮಾಧಾನ ಹೇಳುತ್ತಿದ್ದಳು.

“ಅಮ್ಮಾ, ಆ ರಬ್ಬರು ಹರಿದು ಹೋಗಿತ್ತೇನೋ.”

“ಹರಿದಿರ್ಲಿಲ್ಲ ತಾಯೀ, ಸಡಿಲ ಆಗಿತ್ತು. ಸಡಿಲ ಆಗಿದ್ದನ್ನೆಲ್ಲ ಎಸೀತಾ ಹೋದ್ರೆ ಮನೇಲಿ ನಾನೆಲ್ಲಿ ಉಳೀತೀನಿ?”

ಈ ಮಾತು ಪ್ರಸಾರವಾದ ದಿನ ಕ್ಷೌರಿಕ ಗಿರಾಕಿಯ ಕೆನ್ನೆಗೆ ಹಿಡಿದ ಕತ್ತಿಯನ್ನು ಹಾಗೇ ಹಿಡಿದು ನಿಂತ. ದರ್ಜಿಯ ಅಂಗಡಿಯಲ್ಲಿ ಹೊಲಿಗೆ ಯಂತ್ರ ನಿಂತಿತು. ಬ್ಯಾಂಕಿನಲ್ಲಿ ಹಣ ಎಣಿಸುವವನು ಎಣಿಕೆ ತಪ್ಪಿ ಮೊದಲಿನಿಂದ ಎಣಿಸಿದ. ಊರಿನಲ್ಲಿ ಅತ್ತೆಯ ಪಕ್ಷ, ಸೊಸೆಯ ಪಕ್ಷ ಎಂದು ಎರಡಾದವು. ಮದುವೆ ಮಾತುಕತೆಗಳಲ್ಲಿ ಹುಡುಗನ ಸಂಬಳ ಕೇಳಿದ ಮೇಲೆ ಮನೆಯವರು ಯಾವ ಪಕ್ಷ ಎಂದೂ ವಿಚಾರಿಸುವುದು ರೂಢಿಗೆ ಬಂತು.

ಊರಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಆ ಅಜ್ಜಿ ಉದ್ಘೋಷಕಿಯ ಸ್ವಂತ ಅತ್ತೆ, ರಬ್ಬರು ಎಸೆದ ಸೊಸೆ ಸ್ವತಃ ಉದ್ಘೋಷಕಿ.

ರಬ್ಬರಿನ ಜಗಳವಾದ ದಿನದಿಂದ ಮನೆಯಲ್ಲಿ ಇಬ್ಬರಿಗೂ ಮಾತಿರಲಿಲ್ಲ. ಎರಡು ಕೋಣೆ, ಒಂದು ಅಡುಗೆಮನೆ. ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊರಗೆ. ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುವ ಮಗರಾಯ ಸ್ವಲ್ಪ ಕಾಲ ಇಬ್ಬರ ನಡುವೆ ಮಾತು ಸಾಗಿಸಿ, ಅಳೆದು ಸುರಿದು ಸುಸ್ತಾಗಿ, ಮೇಲಧಿಕಾರಿಯ ಕೈಕಾಲು ಹಿಡಿದು ರಾತ್ರಿ ಪಾಳಿ ಹಾಕಿಸಿಕೊಂಡಿದ್ದ. ಹೀಗಿರುವಾಗ ಒಂದು ಮಧ್ಯಾಹ್ನ ಅತ್ತೆಯ ಫೋನು ಬಂತು. ‘ನಮ್ಮನೇಲಿ’ ಎನ್ನುವಷ್ಟರಲ್ಲೇ ಸೊಸೆಗೆ ದನಿ ಗುರುತು ಸಿಕ್ಕಿತು. ಸಂಪರ್ಕ ಕಡಿಯಲು ಹೋದ ಕೈ ಯಾಕೋ ಹಿಂದೆ ಬಂತು. ಅಂದು ಸಂಜೆ ಮನೆಗೆ ಬಂದರೆ ಸ್ನಾನಕ್ಕೆ ಬಿಸಿನೀರು ಕಾದಿತ್ತು. ಮಾರನೇ ದಿನ ಅವಳು ಮಂಡಿನೋವಿನ ಮುಲಾಮು ತಂದು, ಯಾರಿಗೂ ಏನೂ ಹೇಳದೆ, ಮೇಜಿನ ಮೇಲಿಟ್ಟಳು. ಅಲ್ಲಿಂದಾಚೆಗೆ ಮನೆಯಲ್ಲಿ ತುಟಿ ಪಿಟಕ್ಕೆನ್ನುವಂತಿಲ್ಲ, ಆಡುವುದೇನಿದ್ದರೂ ಪ್ರಸಾರದಲ್ಲಿ. ದಿನಕ್ಕೆ ಅರ್ಧ ಗಂಟೆ ಅವಳಿಗೊಬ್ಬ ಅತ್ತೆ ಇದ್ದರು. ಅದೂ ಹೋದರೆ ಮನೆಯಲ್ಲಿ ಉಳಿಯುವುದು ಗೋಡೆ ಗಡಿಯಾರದ ಸದ್ದು ಮಾತ್ರ ಎಂಬುದು ಅವಳಿಗೆ ಗೊತ್ತಿತ್ತು, ಅದನ್ನು ನೆನೆದರೆ ಅವಳಿಗೆ ಹೆದರಿಕೆಯಾಗುತ್ತಿತ್ತು.

ಇಂಥ ಕಾಲದಲ್ಲಿ ಪ್ರಧಾನ ಕಚೇರಿಯಿಂದ ವೈವಿಧ್ಯ ತಪಾಸಣಾಧಿಕಾರಿಗಳು ಬಂದರು. ಕೇಂದ್ರಗಳಲ್ಲಿ ವೈವಿಧ್ಯ ಎಷ್ಟಿದೆಯೆಂದು ಅಳೆಯುವುದು ಅವರ ಕೆಲಸ. ನಿರ್ದೇಶಕರು ಹದಿನೇಳು ಕಾರ್ಯಕ್ರಮಗಳ ಪಟ್ಟಿಯನ್ನು ಚೌಕಟ್ಟು ಹಾಕಿಸಿ ಇಟ್ಟಿದ್ದರು. ಅಧಿಕಾರಿಗಳು ಅದನ್ನು ನೋಡಿ ಸಂತೋಷಪಟ್ಟು, ಆಮೇಲೆ ಕೇಳುಗರ ಲೆಕ್ಕ ನೋಡಿ ಕನ್ನಡಕ ತೆಗೆದರು. ಎಲ್ಲರೂ ಒಂದೇ ಕಾರ್ಯಕ್ರಮ ಕೇಳುತ್ತಿದ್ದಾರೆಂದರೆ ಊರಿಗೆ ಇರುವುದು ಒಂದೇ ಕಾರ್ಯಕ್ರಮ. ನಿಯಮಾವಳಿಯ ಪ್ರಕಾರ ಇದು ‘ಕೇಳುಗರ ಅಕ್ರಮ ಜಮಾವಣೆ’. ಪ್ರತಿ ಕಾರ್ಯಕ್ರಮಕ್ಕೂ ಕೇಳುಗರು ಸಮಾನವಾಗಿ ಹಂಚಿಕೆಯಾಗದಿದ್ದಲ್ಲಿ ಕೇಂದ್ರದ ದರ್ಜೆ ಇಳಿಯುತ್ತದೆ, ದರ್ಜೆಯ ಜೊತೆ ನಿರ್ದೇಶಕರ ಕಾರೂ ಹೋಗುತ್ತದೆ.

ನಿರ್ದೇಶಕರು ಕೇಳಿದರು: “ಹಾಗಾದ್ರೆ ಮಿಕ್ಕಿದ ಹದಿನಾರನ್ನ ಜನ ಕೇಳೋ ಹಾಗೆ ಮಾಡೋಣ್ವಾ ಸಾರ್?”

“ಅದು ನಮ್ಮ ವ್ಯಾಪ್ತಿಗೆ ಬರಲ್ಲ. ಇದೊಂದನ್ನ ಕೇಳದೇ ಇರೋ ಹಾಗೆ ಮಾಡೋದು ಬರುತ್ತೆ.”

ಮೊದಲಿಗೆ ಹಂಚಿಕೆಯ ಪ್ರಕಟಣೆ ಹೊರಟಿತು. ಓದಿದ್ದು ಉದ್ಘೋಷಕಿಯೇ. “ಕೇಳುಗರ ಗಮನಕ್ಕೆ. ಮನೆ ಸಂಖ್ಯೆಯ ಕೊನೆಯ ಅಂಕಿ ಒಂದು ಅಥವಾ ಎರಡು ಇರುವವರು ನಾಳೆಯಿಂದ ಬೆಳೆ ರೋಗವನ್ನು ಮಾತ್ರ ಕೇಳತಕ್ಕದ್ದು. ಮೂರು ಅಥವಾ ನಾಲ್ಕು ಇರುವವರು ಕಾನೂನು ಸಲಹೆ. ಸೊನ್ನೆ ಇರುವವರು ಚದುರಂಗ. ಬಾಡಿಗೆದಾರರು ಮನೆ ಮಾಲೀಕರ ಕಾರ್ಯಕ್ರಮವನ್ನೇ ಕೇಳತಕ್ಕದ್ದು.” ಜನ ಇದನ್ನು ಬಹಳ ಗಂಭೀರವಾಗಿ ತೆಗೆದುಕೊಂಡರು. ಸೊನ್ನೆಯವರು ತಮಗೆ ಅನ್ಯಾಯವಾಗಿದೆಯೆಂದು ಕೇಂದ್ರದ ಮುಂದೆ ಸಾಲು ನಿಂತರು. ದರ್ಜಿ ತನ್ನ ಕಾನೂನು ಸಲಹೆಯನ್ನು ಕ್ಷೌರಿಕನ ವಿಜ್ಞಾನಕ್ಕೆ ಬದಲಾಯಿಸಿಕೊಡಬೇಕೆಂದು ಅರ್ಜಿ ಹಾಕಿ, ಗುಮಾಸ್ತನ ಕೈ ಬಿಸಿ ಮಾಡಿ, ಕೆಲಸ ಆಗಿಸಿಕೊಂಡ. ‘ಮಧ್ಯಾಹ್ನದ ಮಾತು’ ಹಂಚಿಕೆಯಾಗಿದ್ದ ಒಂಬತ್ತರ ಮನೆಗಳಲ್ಲಿ ಮಾತ್ರ ಊಟದ ಹೊತ್ತಿಗೆ ನೆಂಟರು ಹೆಚ್ಚಾದರು. ಎಂದೂ ಬಾರದ ಷಡ್ಡಕರು, ದೊಡ್ಡಮ್ಮಂದಿರು, ಸೋದರತ್ತೆಯ ಮಕ್ಕಳು ಬಂದು ಕೂತು, ಅರ್ಧ ಗಂಟೆ ಕಿವಿ ನಿಮಿರಿಸಿ ಕೇಳಿ, ಎದ್ದು ಹೋಗುತ್ತಿದ್ದರು. ಜಮಾವಣೆ ಮೊದಲು ಗಾಳಿಯಲ್ಲಿತ್ತು, ಈಗ ಜಗಲಿಯ ಮೇಲೂ ಆಯಿತು.

ಆಗ ಅಧಿಕಾರಿಗಳಿಗೆ ಮೂಲ ತಿಳಿಯಿತು. ಜನ ಹೋಗುತ್ತಿರುವುದು ಕಾರ್ಯಕ್ರಮದ ಹಿಂದಲ್ಲ, ಅಜ್ಜಿಯ ಹಿಂದೆ. ಜನರನ್ನು ಹಂಚಲಾಗದಿದ್ದರೆ ಅಜ್ಜಿಯನ್ನು ಹಂಚಬೇಕು. ಅಜ್ಜಿಯ ಫೋನ್ ಸಂಖ್ಯೆಯನ್ನು ಹುಡುಕಲು ಹೇಳಿದಾಗ ಗುಮಾಸ್ತ, ಆ ಸಂಖ್ಯೆ ಉದ್ಘೋಷಕಿಯ ರಜೆ ಅರ್ಜಿಯಲ್ಲಿ ‘ಮನೆಯ ದೂರವಾಣಿ’ ಎಂಬಲ್ಲಿಯೇ ಇದೆ, ನನಗೆ ಮೊದಲಿನಿಂದ ಗೊತ್ತು, ಯಾರೂ ಕೇಳಲಿಲ್ಲ ಎಂದ.

ನಿರ್ದೇಶಕರು ಅವಳನ್ನು ಕರೆಸಿದರು. ಇನ್ನು ಮುಂದೆ ಅಜ್ಜಿ ಸೋಮವಾರ ಬೆಳೆ ರೋಗಕ್ಕೆ, ಮಂಗಳವಾರ ಕಾನೂನಿಗೆ, ಬುಧವಾರ ಚದುರಂಗಕ್ಕೆ, ಹೀಗೆ ಸರದಿಯ ಮೇಲೆ ಫೋನ್ ಮಾಡಬೇಕು, ‘ಮಧ್ಯಾಹ್ನದ ಮಾತು’ಗೆ ಮಾಡಕೂಡದು, ಇದನ್ನು ಮನೆಯಲ್ಲಿ ಹೇಳಿಬಿಡಿ ಎಂದರು.

“ನಾನು ಅವರ ಹತ್ರ ಮಾತಾಡಲ್ಲ ಸಾರ್,” ಎಂದಳು ಅವಳು.

“ದಿನಾ ಮಾತಾಡ್ತೀರಲ್ಲಮ್ಮ?”

“ಅದು ಪ್ರಸಾರ ಸಾರ್.”

ನಿರ್ದೇಶಕರಿಗೆ ಇದು ಸರಿಯೆನಿಸಿತು. ಅವರೂ ತಮ್ಮ ಅಣ್ಣನ ಜೊತೆ ವಕೀಲರ ಮೂಲಕವೇ ಮಾತಾಡುತ್ತಿದ್ದರು. ಆದ್ದರಿಂದ ಅತ್ತೆಗೆ ತಿಳಿಸಬೇಕಾದ ಸರದಿಯನ್ನು ಸೊಸೆಯೇ, ತನ್ನ ಗಂಟಲಿನಲ್ಲೇ, ಇಡೀ ಊರಿಗೆ ಓದಬೇಕಾಯಿತು. ಓದುವಾಗ ಒಂದು ಕಡೆ ತಡವರಿಸಿ, ಕೆಮ್ಮಿ ಸರಿಪಡಿಸಿಕೊಂಡಳು.

ಅತ್ತೆ ಶಿಸ್ತಿನ ಹೆಂಗಸು. ಸೋಮವಾರ ಬೆಳೆ ರೋಗಕ್ಕೆ ಫೋನ್ ಮಾಡಿದರು. ನಮ್ಮನೇಲಿ ಒಂದು ಗಿಡ ಇದೆ, ನೀರು ಹಾಕಿದರೂ ಗೊಬ್ಬರ ಹಾಕಿದರೂ ನನ್ನ ಕಡೆ ತಿರುಗಲ್ಲ ಎಂದರು. ತಜ್ಞರು ರೆಂಬೆ ಕತ್ತರಿಸಲು ಹೇಳಿದರು. ಅದಕ್ಕೂ ಬಗ್ಗದಿದ್ದರೆ ಬುಡಸಹಿತ ಕಿತ್ತು ಸುಡುವುದು ಉತ್ತಮ. ಮಂಗಳವಾರದ ವಕೀಲರು ರಬ್ಬರಿನ ವಿಷಯದಲ್ಲಿ ನೋಟಿಸು ಕೊಡಲು ಸೂಚಿಸಿ, ನೋಟಿಸಿನ ಮೂರು ಮಾದರಿಗಳನ್ನು ಓದಿದರು. ಬುಧವಾರ ಅತ್ತೆ ಚದುರಂಗದ ನಡುವೆ, ಎದುರಾಳಿ ಎಷ್ಟು ದಿನ ಸುಮ್ಮನಿದ್ದರೆ ಆಟ ಮುಗಿದ ಹಾಗೆ ಎಂದು ಕೇಳಿದರು. ವಿವರಣೆಗಾರರು ಎಂದಿನಂತೆ ಸುಮ್ಮನಿದ್ದರು.

ಊರು ಅಜ್ಜಿಯ ಬೆನ್ನು ಹತ್ತಿ ಕಾರ್ಯಕ್ರಮದಿಂದ ಕಾರ್ಯಕ್ರಮಕ್ಕೆ ತಿರುಗಿತು. ವೈವಿಧ್ಯದ ಅಂಕ ಏರಿತು. ಎಂದೂ ಫೋನು ಕಾಣದ ಸಹಕಾರ ಕ್ಷೇತ್ರದವರಿಗೂ ಫೋನು ಬಂತು. ನಿರ್ಮಾಪಕರೆಲ್ಲ ತಮ್ಮ ತಮ್ಮ ದಿನಕ್ಕೆ ‘ಅಜ್ಜಿ ನಿರ್ವಹಣಾ ಭತ್ಯೆ’ ಮಂಜೂರು ಮಾಡಿಸಿಕೊಂಡರು. ‘ಮಧ್ಯಾಹ್ನದ ಮಾತು’ಗೆ ಮಾತ್ರ ಒಂದೂ ಕರೆ ಬರಲಿಲ್ಲ. ಉದ್ಘೋಷಕಿ ಮೈಕಿನ ಮುಂದೆ ಅರ್ಧ ಗಂಟೆ ಕೂತು, ಕೇಳುಗರು ಸಂಪರ್ಕಿಸಬೇಕಾದ ಸಂಖ್ಯೆಯನ್ನು ಮತ್ತೆ ಮತ್ತೆ ಓದಿ, ಎದ್ದು ಬರುತ್ತಿದ್ದಳು. ಮನೆಯಲ್ಲಿ ಬಿಸಿನೀರು ಕಾಯುವುದು ನಿಂತಿತ್ತು. ಕೋಪದಿಂದಲ್ಲ. ಇವಳು ಎಷ್ಟು ಹೊತ್ತಿಗೆ ಬರುತ್ತಾಳೆ, ಬಸ್ಸು ಸಿಗುತ್ತದೋ ಇಲ್ಲವೋ ಎಂಬುದೆಲ್ಲ ಅತ್ತೆಗೆ ತಿಳಿಯುತ್ತಿದ್ದುದೇ ಆ ಅರ್ಧ ಗಂಟೆಯಲ್ಲಿ.

ಶುಕ್ರವಾರ ಅತ್ತೆಯ ಸರದಿ ವಿಜ್ಞಾನದ್ದು. ಉದ್ಘೋಷಕಿ ಪಕ್ಕದ ಕೊಠಡಿಯಲ್ಲಿ, ಗಾಜಿನಾಚೆ, ಮೂರು ಗಂಟೆಯ ಸಮಯ ಪ್ರಕಟಿಸಲು ಕಾದು ಕೂತಿದ್ದಳು. ಆ ದಿನ ಅಜ್ಜಿ ಸೊಸೆಯ ಸುದ್ದಿ ಎತ್ತಲಿಲ್ಲ, ರಬ್ಬರಿನ ಸುದ್ದಿಯನ್ನೂ ಎತ್ತಲಿಲ್ಲ.

“ಮುಂಚೆ ಮಧ್ಯಾಹ್ನ ಒಬ್ಬಳು ಮಾತಾಡ್ತಿದ್ದಳು ಸ್ವಾಮಿ. ಮೊನ್ನೆ ಏನೋ ಓದುವಾಗ ಕೆಮ್ಮಿದಳು. ಅವಳಿಗೆ ಕೆಮ್ಮು ಕಡಿಮೆ ಆಯ್ತಾ?”

ವಿಜ್ಞಾನದವರು, ಕೆಮ್ಮು ಎಂಬುದು ಶ್ವಾಸನಾಳದಿಂದ ಗಾಳಿ ವೇಗವಾಗಿ ಹೊರಬೀಳುವ ಕ್ರಿಯೆ ಎಂದು ವಿವರಿಸಿ, ಗಾಳಿಯ ವೇಗವನ್ನು ಬೇರೆ ಬೇರೆ ವಾಹನಗಳ ವೇಗಕ್ಕೆ ಹೋಲಿಸಿದರು. ಹೋಲಿಕೆ ಮುಗಿಯುವುದರೊಳಗೆ ಹೊತ್ತಾಯಿತು. ಗಾಜಿನಾಚೆ ಕೆಂಪು ದೀಪ ಹತ್ತಿತು. ಉದ್ಘೋಷಕಿಗೆ ಅಧಿಕೃತವಾಗಿ ಇದ್ದದ್ದು ಒಂದೇ ವಾಕ್ಯ.

“ಸಮಯ ಈಗ ಮೂರು ಗಂಟೆ,” ಎಂದಳು. ಆಮೇಲೆ ಎಂದಳು: “ಕೆಮ್ಮು ಕಡಿಮೆಯಾಗಿದೆ.”

ಕಾರಿಡಾರಿನಲ್ಲಿ ಕುರ್ಚಿಗಳು ಸರಿದ ಸದ್ದಾಯಿತು. ಕೇಂದ್ರದ ಚರಿತ್ರೆಯಲ್ಲಿ ಮೊದಲ ಸಲ, ಯಾರ ಸಹಿಯೂ ಇಲ್ಲದ ಒಂದು ನಿಜ ಪ್ರಸಾರವಾಗಿತ್ತು. ಅವಳ ಮೇಲೆ ಅಲ್ಲೇ ವಿಚಾರಣೆ ಕೂತಿತು. ನಿರ್ದೇಶಕರು ಕೆಲಸದಿಂದ ತೆಗೆಯುವ ಆದೇಶಕ್ಕೆ ಪೆನ್ನು ಬಿಚ್ಚಿದ್ದರು. ಆದರೆ ವೈವಿಧ್ಯ ತಪಾಸಣಾಧಿಕಾರಿಗಳು ಕೈ ತಡೆದರು. ಆ ವಾಕ್ಯ ವಿಜ್ಞಾನದ್ದಲ್ಲ, ಸಮಯ ಪ್ರಕಟಣೆಯದೂ ಅಲ್ಲ, ಹದಿನೇಳರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಹಾಗಾದರೆ ಅದು ಹದಿನೆಂಟನೆಯ ಬಗೆ. ಹದಿನೆಂಟು ಬಗೆಯ ಕೇಂದ್ರ ಸುತ್ತಮುತ್ತ ಎಲ್ಲೂ ಇಲ್ಲ. ನಿರ್ದೇಶಕರು ಪೆನ್ನು ಮುಚ್ಚಿ, ತಾನು ಇದನ್ನು ಬಹಳ ದಿನದಿಂದ ಯೋಚಿಸುತ್ತಿದ್ದೆ ಎಂದರು.

ಅಂದು ಸಂಜೆ ಉದ್ಘೋಷಕಿ ಮನೆಯ ಬಾಗಿಲು ತಟ್ಟುವ ಮೊದಲೇ ಬಾಗಿಲು ತೆರೆಯಿತು. ಅತ್ತೆ ಹೊಸ್ತಿಲಲ್ಲಿ ನಿಂತಿದ್ದರು. ಒಳಗಿನಿಂದ ಬಿಸಿನೀರಿನ ಹಬೆ ಬರುತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಎಷ್ಟೋ ಕಾಲವಾಗಿತ್ತು ಹಾಗೆ ನೋಡಿ. ಅತ್ತೆಯ ಮುಖ ಇಷ್ಟು ಸಣ್ಣದಾಗಿದ್ದು ಯಾವಾಗ ಎಂದು ಅವಳಿಗೆ ತಿಳಿಯಲಿಲ್ಲ.

“ನಿನಗೆ…” ಎಂದರು ಅತ್ತೆ.

ಅಷ್ಟರಲ್ಲಿ ಬೀದಿಯಲ್ಲಿ ಕಾರಿನ ಹಾರ್ನ್ ಕೇಳಿಸಿತು. ನಿರ್ದೇಶಕರು ಕರಾರುಪತ್ರ ಹಿಡಿದು ಇಳಿದರು.

ಕರಾರಿನ ಪ್ರಕಾರ ಅತ್ತೆಯನ್ನು ‘ಮನೆವಾರ್ತೆ ತಜ್ಞೆ’ ಎಂದು ನೇಮಿಸಲಾಗಿತ್ತು. ಫೋಟೋ ಇರುವ ಗುರುತಿನ ಚೀಟಿ, ತಿಂಗಳಿಗೆ ಗೌರವಧನ. ದಿನಾ ಮೂರು ಗಂಟೆಗೆ ಸಮಯದ ಜೊತೆ ಒಂದು ಮನೆವಾರ್ತೆ ಪ್ರಸಾರವಾಗುತ್ತದೆ; ಒಂದು ದಿನ ಅತ್ತೆಯ ವಾಕ್ಯ, ಒಂದು ದಿನ ಸೊಸೆಯ ವಾಕ್ಯ. ಷರತ್ತು ಒಂದೇ. ಪ್ರಸಾರಕ್ಕೆ ಮೀಸಲಾದ ಮಾತನ್ನು ಪ್ರಸಾರಕ್ಕೆ ಮುಂಚೆ ಬೇರೆಲ್ಲೂ, ಯಾರೊಡನೆಯೂ ಆಡತಕ್ಕದ್ದಲ್ಲ. ಪರಸ್ಪರ ಆಡುವ ಎಲ್ಲ ಮಾತುಗಳೂ ಪ್ರಸಾರಕ್ಕೆ ಮೀಸಲಾದವು ಎಂದು ತಿಳಿಯತಕ್ಕದ್ದು.

“ಸೈನ್ ಮಾಡಿದ್ರೆ ನಿಮ್ಮ ಸೊಸೆ ಕೆಲಸ ಖಾಯಂ ಆಗುತ್ತೆ ಅಮ್ಮಾ. ಮಾಡದಿದ್ರೆ ನಾಳೆಯಿಂದ ಬರೋದು ಬೇಡ,” ಎಂದು ನಿರ್ದೇಶಕರು ಅತ್ತೆಯ ಕಿವಿಯಲ್ಲಿ ಹೇಳಿದರು. ಸೊಸೆಯನ್ನು ಅಡುಗೆಮನೆಗೆ ಕರೆದು, ನಿಮ್ಮ ಅತ್ತೆಗೆ ಈ ವಯಸ್ಸಿನಲ್ಲಿ ಒಂದು ಮರ್ಯಾದೆ ಸಿಗುತ್ತಿದೆ, ಯಾಕೆ ತಪ್ಪಿಸುತ್ತೀರಿ ಎಂದರು. ಇಬ್ಬರೂ ಇನ್ನೊಬ್ಬರ ಒಳಿತಿಗಾಗಿ ಸಹಿ ಹಾಕಿದರು. ಅತ್ತೆ ಹೊಸ್ತಿಲಲ್ಲಿ ಶುರುಮಾಡಿದ್ದ ವಾಕ್ಯವನ್ನು ನಿರ್ದೇಶಕರು ಅಲ್ಲೇ ಬರೆಸಿಕೊಂಡು ಜೇಬಿಗಿಟ್ಟುಕೊಂಡು ಹೋದರು.

ಒಂದು ವಾಕ್ಯ ಪ್ರಸಾರವಾಗಲು ಹದಿನಾರು ಮೇಜು ದಾಟಬೇಕು. ಅಜ್ಜಿ ಒಂದಲ್ಲ ಒಂದು ದಿನ ತಮ್ಮ ಪಾಲಿಗೆ ಇದ್ದವರಾದ್ದರಿಂದ, ಪ್ರತಿ ನಿರ್ಮಾಪಕರಿಗೂ ಅದರ ಮೇಲೆ ಹಕ್ಕಿತ್ತು, ಭತ್ಯೆಯೂ ಇತ್ತು. ‘ನಿನಗೆ ಬಿಸಿನೀರು ಕಾಯಿಸಿದೀನಿ’ ಎಂಬುದು ವಾರದ ಮೇಲೆ ಪ್ರಸಾರವಾಯಿತು. ಇಡೀ ಊರು ಅದನ್ನು ಕೇಳಿ ಸ್ನಾನಕ್ಕೆ ಎದ್ದಿತು. ಮನೆಯಲ್ಲಿ ಇಬ್ಬರೂ ಈಗ ಒಂದೇ ಅಡುಗೆಮನೆಯಲ್ಲಿ ಕೂರುತ್ತಿದ್ದರು. ಜಗಳ ಯಾವತ್ತೋ ಕರಗಿತ್ತು. ಸೊಸೆ ಹೊಸದೊಂದು ರಬ್ಬರನ್ನು ತಂದು ಅತ್ತೆಯ ಕೈಯಲ್ಲೇ ಕುಕ್ಕರಿಗೆ ಹಾಕಿಸಿದ್ದಳು; ‘ಸರಿಯಾಗಿ ಕೂತಿದೆ’ ಎಂಬ ಮಾತು ಮಾತ್ರ ಸಹಕಾರ ಕ್ಷೇತ್ರದವರ ಮೇಜಿನಲ್ಲಿ ಸಿಕ್ಕಿಕೊಂಡಿತ್ತು. ರಾತ್ರಿ ಪಾಳಿಯ ಮಗ, ಮನೆ ಎಷ್ಟು ನೆಮ್ಮದಿಯಾಗಿದೆ ಎಂದು ಹಗಲು ಪಾಳಿಗೆ ಅರ್ಜಿ ಹಾಕಿಕೊಂಡ.

ಒಂದು ಸಂಜೆ ಒಲೆಯ ಮೇಲೆ ಹಾಲಿತ್ತು. ಸೊಸೆ ಬೆನ್ನು ಹಾಕಿ ಪಾತ್ರೆ ತೊಳೆಯುತ್ತಿದ್ದಳು. ಅತ್ತೆ ಮಣೆಯ ಮೇಲೆ ಕೂತು ನೋಡುತ್ತಿದ್ದರು. ಹಾಲು ಕಂಠದವರೆಗೆ ಏರಿತು. ಅತ್ತೆಯ ಮಂಡಿ ತಕ್ಷಣ ಏಳಲು ಬಿಡುವಂಥದಲ್ಲ. ಬಾಯಿ ಮಾತ್ರ ತೆರೆಯಿತು. ಕತ್ತಿನಲ್ಲಿ ಗುರುತಿನ ಚೀಟಿ ತೂಗುತ್ತಿತ್ತು. ಸೊಸೆಯ ಕೆಲಸ ಖಾಯಂ ಆಗಿ ಇನ್ನೂ ತಿಂಗಳೂ ಆಗಿರಲಿಲ್ಲ. ಅತ್ತೆ ಬಾಯಿ ಮುಚ್ಚಿದರು. ಹಾಲು ಉಕ್ಕಿ, ಒಲೆ ಆರಿ, ನೆಲದ ಮೇಲೆ ಹರಿಯಿತು. ಸೊಸೆ ತಿರುಗಿ ನೋಡಿದಳು. ಇಬ್ಬರೂ ಒಟ್ಟಿಗೆ ನೆಲ ಒರೆಸಿದರು. ಆಮೇಲೆ ಅತ್ತೆ ಕನ್ನಡಕ ಹಾಕಿಕೊಂಡು ಕೇಂದ್ರದವರು ಕೊಟ್ಟಿದ್ದ ನಮೂನೆಯಲ್ಲಿ ವಾಕ್ಯ ಬರೆದರು.

ಬೆಳೆ ರೋಗದವರು ಆಕ್ಷೇಪಣೆ ಇಲ್ಲ ಎಂದರು. ಚದುರಂಗದವರು ಬಹಳ ಹೊತ್ತು ಯೋಚಿಸಿ ಸಹಿ ಹಾಕಿದರು. ಕಾನೂನಿನವರು, ಹಾಲಿನ ಕಡೆಯವರು ಹೇಳುವುದನ್ನು ಕೇಳದೆ ಹಾಗೆ ನಿಶ್ಚಯವಾಗಿ ಹೇಳುವುದು ಸರಿಯಲ್ಲ ಎಂದು ಒಂದು ಪದ ಸೇರಿಸಿದರು.

“ಸಮಯ ಈಗ ಮೂರು ಗಂಟೆ,” ಎಂದಳು ಉದ್ಘೋಷಕಿ ಮುಂದಿನ ಗುರುವಾರ. “ಹಾಲು ಉಕ್ಕುತ್ತಿದೆ ಎನ್ನಲಾಗಿದೆ.”

ಕ್ಷೌರಿಕ ಕತ್ತಿ ಬಿಟ್ಟು ಮನೆಗೆ ಓಡಿದ. ದರ್ಜಿಯ ಹೆಂಡತಿ, ಬ್ಯಾಂಕಿನವನ ತಾಯಿ, ಸೊನ್ನೆಯ ಮನೆಯವರು, ಒಂಬತ್ತರ ಮನೆಯವರು, ಎಲ್ಲರೂ ತಮ್ಮ ತಮ್ಮ ಅಡುಗೆಮನೆಗೆ ಹೋಗಿ ನೋಡಿದರು. ಯಾರ ಒಲೆಯ ಮೇಲೂ ಹಾಲಿರಲಿಲ್ಲ. ಸಕಾಲಕ್ಕೆ ಎಚ್ಚರಿಸಿದ್ದಕ್ಕೆ ಕೇಂದ್ರವನ್ನು ಊರೆಲ್ಲ ಹೊಗಳಿತು.

ಮನೆಯಲ್ಲಿ ಅತ್ತೆ ಮಂಡಿ ಹಿಡಿದುಕೊಂಡು ನಿಧಾನವಾಗಿ ಎದ್ದರು. ಖಾಲಿ ಒಲೆಯ ತಿರುಪನ್ನು ತಿರುಗಿಸಿ, ನೋಡಿ, ಮತ್ತೆ ಬಂದು ಕೂತರು. ಹೊಸ ನಮೂನೆ ತೆಗೆದು, ‘ಆರಿಸಿದೆ, ಗಾಬರಿ ಆಗ್ಬೇಡ ಮಗಳೇ’ ಎಂದು ಬರೆದರು. ಅದು ಈಗ ಆರನೆಯ ಮೇಜಿನಲ್ಲಿದೆ.